ಲೆಕ್ಕ ಕಲಿಸಿದ ಊರು ಸಾನ್‌ಸೆಪೋಲ್ಕ್ರೊ

ಇಟಲಿ ಎಂದರೆ ನಮಗೆ ರೋಮ್, ವೆನಿಸ್, ಪೀಸಾದ ವಾಲಿದ ಗೋಪುರ. ಈ ವಾರ ನಿಮ್ಮನ್ನು ಕರೆದುಕೊಂಡು ಹೋಗುತ್ತಿರುವುದು ಪ್ರವಾಸದ ಬಸ್ಸುಗಳು ಅಷ್ಟಾಗಿ ನಿಲ್ಲದ ಒಂದು ಊರಿಗೆ. ಹೆಸರು ಸಾನ್‌ಸೆಪೋಲ್ಕ್ರೊ. ಮಕ್ಕಳೇ, ಒಂದೇ ಉಸಿರಿಗೆ ಮೂರು ಸಲ ಹೇಳಿ ನೋಡಿ, ಆಮೇಲೆ ಅಜ್ಜಿಯ ಬಾಯಲ್ಲೂ ಹೇಳಿಸಿ. ಜನಸಂಖ್ಯೆ ಸುಮಾರು 15 ಸಾವಿರ. ಟಸ್ಕನಿ ಪ್ರಾಂತದ ಪೂರ್ವದಂಚಿನಲ್ಲಿ, ಬೆಟ್ಟಗಳ ಬುಡದಲ್ಲಿ, ಟೈಬರ್ ನದಿಯ ಕಣಿವೆಯಲ್ಲಿದೆ. ರೋಮ್ ನಗರದ ನಡುವೆ ಹರಿಯುವ ಟೈಬರ್ ಇದೇ. ಇಲ್ಲಿ ಅದಿನ್ನೂ ಚಿಕ್ಕ ಹುಡುಗಿ, ಹುಟ್ಟಿದ ಬೆಟ್ಟದಿಂದ ಆಗಷ್ಟೇ ಇಳಿದು ಬಂದಿರುತ್ತಾಳೆ.

ಎರಡು ವರ್ಷದ ಹಿಂದೆ ಮಗಳು, ಅಳಿಯ ನಮ್ಮಿಬ್ಬರನ್ನು ಫ್ಲಾರೆನ್ಸ್ ನೋಡಲು ಕರೆದುಕೊಂಡು ಹೋಗಿದ್ದರು. ಅರಮನೆ, ಚರ್ಚು, ಐಸ್‌ಕ್ರೀಮು ಎಲ್ಲ ಆಯಿತು. ಆಗ ನಾನು, ‘ಒಂದು ದಿನ ಮಾತ್ರ ನನಗೆ ಬಿಟ್ಟುಕೊಡಿ’ ಎಂದು ಕೇಳಿ ಪಡೆದೆ. ಅರೆತ್ಸೊ ಎಂಬ ಊರಿನವರೆಗೆ ರೈಲು, ಅಲ್ಲಿಂದ ಬೆಟ್ಟದ ತಿರುವುಗಳಲ್ಲಿ ಒಂದು ಗಂಟೆ ಬಸ್ಸು. ‘ಇಷ್ಟು ದೂರ ಬಂದು ಇಷ್ಟು ಚಿಕ್ಕ ಊರು ಯಾಕೆ?’ ಎಂದು ನನ್ನಾಕೆ ದಾರಿಯುದ್ದಕ್ಕೂ ಕೇಳಿದಳು. ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಲೆಡ್ಜರು ಬರೆದವನು ಹೋಗಲೇಬೇಕಾದ ಊರು ಅದು. ಯಾಕೆಂದು ಮುಂದೆ ಹೇಳುತ್ತೇನೆ. ಮೊದಲು ಊರಿನ ಹೆಸರಿನ ಕಥೆ.

ಸೆಪೋಲ್ಕ್ರೊ ಎಂದರೆ ಸಮಾಧಿ. ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಆರ್ಕಾನೊ, ಎಜಿದಿಯೊ ಎಂಬ ಇಬ್ಬರು ಯಾತ್ರಿಕರು ಜೆರುಸಲೇಮಿಗೆ ಹೋಗಿ, ಯೇಸುವಿನ ಸಮಾಧಿಯ ಚೂರುಗಳನ್ನು ಹೊತ್ತುಕೊಂಡು ಹಿಂದಿರುಗುತ್ತಿದ್ದರಂತೆ. ಈ ಕಣಿವೆಯಲ್ಲಿ ಒಂದು ರಾತ್ರಿ ತಂಗಿದರು. ಇಲ್ಲೇ ನೆಲೆ ನಿಲ್ಲಬೇಕೆಂಬ ಸೂಚನೆ ಸಿಕ್ಕಿ ಒಂದು ಪುಟ್ಟ ಗುಡಿ ಕಟ್ಟಿದರು. ಗುಡಿಯ ಸುತ್ತ ಮಠ, ಮಠದ ಸುತ್ತ ಮನೆಗಳು, ಮನೆಗಳ ಸುತ್ತ ಗೋಡೆ. ನಮ್ಮ ಎಷ್ಟೋ ಕ್ಷೇತ್ರಗಳ ಸ್ಥಳಪುರಾಣವೂ ಹೀಗೆಯೇ ಇರುತ್ತದಲ್ಲ? ತಲೆಯ ಮೇಲಿನ ಬುಟ್ಟಿಯನ್ನು ನೆಲಕ್ಕಿಟ್ಟರು, ಮತ್ತೆ ಎತ್ತಲಾಗಲಿಲ್ಲ, ಅಲ್ಲೇ ಊರಾಯಿತು ಎಂದು. ಮಠದ ಇಗರ್ಜಿಯೇ ಇಂದಿನ ದೊಡ್ಡ ಚರ್ಚು. ಅದರೊಳಗೆ ಆಳೆತ್ತರಕ್ಕಿಂತ ದೊಡ್ಡದಾದ ಒಂದು ಮರದ ಯೇಸುವಿನ ವಿಗ್ರಹವಿದೆ. ಉದ್ದನೆಯ ನಿಲುವಂಗಿ ತೊಟ್ಟ, ಕಣ್ಣು ತೆರೆದ ಮೂರ್ತಿ. ಮರವನ್ನು ಪರೀಕ್ಷಿಸಿದವರು ಅದು ಎಂಟು, ಒಂಬತ್ತನೇ ಶತಮಾನದ್ದು ಎನ್ನುತ್ತಾರೆ. ಹಾಗಾದರೆ ಊರಿಗಿಂತ ವಿಗ್ರಹವೇ ಹಿರಿಯದು.

ಇನ್ನು ಈ ಊರನ್ನು ಒಮ್ಮೆ ಅಡ ಇಟ್ಟಿದ್ದರು ಎಂದರೆ ನಂಬುತ್ತೀರಾ? ಚಿನ್ನದ ಸರ ಅಡ ಇಡುವುದನ್ನು ನಾನು ಕೌಂಟರಿನ ಈಚೆ ಕುಳಿತು ಬೇಕಾದಷ್ಟು ನೋಡಿದ್ದೇನೆ. ಇದು ಇಡೀ ಊರಿನ ಅಡಮಾನ. ಇಟಲಿ ಆಗ ಒಂದು ದೇಶವಾಗಿರಲಿಲ್ಲ. ಸಾನ್‌ಸೆಪೋಲ್ಕ್ರೊ ಪೋಪರ ಕೈಯಲ್ಲಿತ್ತು. ನಾಲ್ಕನೇ ಯುಜೀನ್ ಎಂಬ ಪೋಪರಿಗೆ ಹಣದ ಮುಗ್ಗಟ್ಟು ಬಂತು. ಫ್ಲಾರೆನ್ಸಿನಿಂದ 25,000 ಫ್ಲೋರಿನ್ ಪಡೆದು ಊರನ್ನು ಅವರಿಗೆ ಒಪ್ಪಿಸಿದರು. ಒಂದು ಫ್ಲೋರಿನ್ ಎಂದರೆ ಮೂರೂವರೆ ಗ್ರಾಂ ಚಿನ್ನದ ನಾಣ್ಯ. ಒಟ್ಟು ಎಷ್ಟು ಕಿಲೋ ಆಯಿತು? ಲೆಕ್ಕ ಹಾಕಿ. ಎಂಬತ್ತೇಳೂವರೆ ಕಿಲೋ! ಪೋಪರು ಆ ಸಾಲ ತೀರಿಸಲಿಲ್ಲ, ಊರು ಫ್ಲಾರೆನ್ಸಿನಲ್ಲೇ ಉಳಿಯಿತು. ಇಂದಿಗೂ ಅದು ಟಸ್ಕನಿಗೆ ಸೇರಿದೆ. ನಾಲ್ಕು ಹೆಜ್ಜೆ ಆಚೆ ಹೋದರೆ ಉಂಬ್ರಿಯಾ ಪ್ರಾಂತ.

ಆ ಅಡಮಾನದ ಪತ್ರದಲ್ಲಿ ಒಂದು ತಮಾಷೆ ನಡೆಯಿತು. ಎರಡು ರಾಜ್ಯಗಳ ಗಡಿ ‘ರಿಯೊ’ ಎಂಬ ಹಳ್ಳ ಎಂದು ಬರೆದರು. ರಿಯೊ ಎಂದರೆ ಆ ಭಾಷೆಯಲ್ಲಿ ಹಳ್ಳ ಎಂದಷ್ಟೇ ಅರ್ಥ. ಅಲ್ಲಿ ರಿಯೊ ಎಂದು ಕರೆಯುವ ಹಳ್ಳಗಳು ಎರಡಿದ್ದವು, ಒಂದಕ್ಕೊಂದು ಸುಮಾರು ಅರ್ಧ ಕಿಲೋಮೀಟರ್ ದೂರದಲ್ಲಿ! ಫ್ಲಾರೆನ್ಸಿನವರು ತಮ್ಮ ಕಡೆಯ ಹಳ್ಳವನ್ನು ಗಡಿ ಎಂದುಕೊಂಡರು, ಪೋಪರ ಕಡೆಯವರು ತಮ್ಮ ಹಳ್ಳವನ್ನು. ನಡುವೆ ಕೊಸ್ಪಾಯ ಎಂಬ ಹಳ್ಳಿ ಉಳಿದುಹೋಯಿತು. ಹಳ್ಳಿಯವರು ಜಾಣರು. ‘ನಾವು ಯಾರಿಗೂ ಸೇರಿದವರಲ್ಲ, ಆದ್ದರಿಂದ ಯಾರಿಗೂ ಕಂದಾಯ ಕಟ್ಟುವುದಿಲ್ಲ’ ಎಂದು ಘೋಷಿಸಿ ತಮ್ಮದೇ ಗಣರಾಜ್ಯ ಮಾಡಿಕೊಂಡರು. ರಾಜನಿಲ್ಲ, ಸೈನ್ಯವಿಲ್ಲ, ಸೆರೆಮನೆಯಿಲ್ಲ. ಮನೆಗಳ ಯಜಮಾನರೇ ಸೇರಿ ನ್ಯಾಯ ಹೇಳುತ್ತಿದ್ದರು.

ದೊಡ್ಡ ರಾಜ್ಯಗಳೂ ಇದನ್ನು ಒಪ್ಪಿಕೊಂಡವು. ಎರಡರ ನಡುವೆ ಯಾರ ಸುಂಕವೂ ಇಲ್ಲದ ಜಾಗ ಇರುವುದು ಕೆಲವರಿಗೆ ಅನುಕೂಲವೇ ಆಗಿತ್ತು ಬಿಡಿ. ಹದಿನಾರನೇ ಶತಮಾನದಲ್ಲಿ ಅಮೆರಿಕದಿಂದ ಬಂದ ತಂಬಾಕಿನ ಬೀಜ ಸಾನ್‌ಸೆಪೋಲ್ಕ್ರೊದ ಬಿಷಪ್ಪರ ಕೈ ಸೇರಿತು. ಇಟಲಿಯಲ್ಲಿ ಮೊದಮೊದಲು ಆ ಬೆಳೆ ತೆಗೆದವರಲ್ಲಿ ಕೊಸ್ಪಾಯದವರೂ ಇದ್ದರು. ಸುಂಕವಿಲ್ಲದ ಹಳ್ಳಿ, ಬೆಲೆಬಾಳುವ ಬೆಳೆ. ಮೂರುನೂರು ಚಿಲ್ಲರೆ ಜನ ಸುಖವಾಗಿದ್ದರು. ಕಳ್ಳಸಾಗಣೆಯೂ ನಡೆಯಿತು ಎನ್ನಿ. ಕೊನೆಗೆ 1826ರಲ್ಲಿ ಎರಡೂ ರಾಜ್ಯಗಳು ಹಳ್ಳಿಯನ್ನು ಹಂಚಿಕೊಂಡವು. ಪರಿಹಾರವಾಗಿ ಹಳ್ಳಿಗರಿಗೆ ಒಂದೊಂದು ಬೆಳ್ಳಿ ನಾಣ್ಯ, ಜೊತೆಗೆ ವರ್ಷಕ್ಕೆ ಐದು ಲಕ್ಷ ತಂಬಾಕಿನ ಗಿಡ ಬೆಳೆಯುವ ಪರವಾನಗಿ. ಒಂದು ಪತ್ರದಲ್ಲಿ ಒಂದು ಹಳ್ಳದ ಗುರುತು ಸರಿಯಾಗಿ ಬರೆಯದೆ ಹೋದದ್ದರಿಂದ 380ಕ್ಕೂ ಹೆಚ್ಚು ವರ್ಷದ ಸ್ವಾತಂತ್ರ್ಯ! ಜಮೀನಿನ ಚಕ್ಕುಬಂದಿಯನ್ನು ಎರಡೆರಡು ಸಲ ಓದಿ ಎಂದು ನಾನು ಸಾಲಕ್ಕೆ ಬಂದವರಿಗೆ ಹೇಳುತ್ತಿದ್ದೆ. ಆಗ ಈ ಕಥೆ ಗೊತ್ತಿದ್ದರೆ ಇದನ್ನೂ ಹೇಳುತ್ತಿದ್ದೆ.

ಈಗ ನಾನು ಅಲ್ಲಿಗೆ ಹೋದ ಕಾರಣಕ್ಕೆ ಬರುತ್ತೇನೆ. ಬಿ.ಕಾಂ. ಮೊದಲ ವರ್ಷ ನಮ್ಮ ಮೇಷ್ಟ್ರು ಕಪ್ಪುಹಲಗೆಯ ಮೇಲೆ ಒಂದು ಹೆಸರು, ಒಂದು ಇಸವಿ ಬರೆದಿದ್ದರು: ಲೂಕಾ ಪಚೋಲಿ, 1494. ಎರಡು ಅಂಕದ ಪ್ರಶ್ನೆ. ಪರೀಕ್ಷೆ ಮುಗಿದ ಮೇಲೆ ಮರೆಯಬೇಕಾಗಿದ್ದ ಹೆಸರು ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಆತ ಹುಟ್ಟಿದ್ದು 1447ರ ಸುಮಾರಿಗೆ ಇದೇ ಸಾನ್‌ಸೆಪೋಲ್ಕ್ರೊದಲ್ಲಿ. ಹುಡುಗನಾಗಿದ್ದಾಗ ವೆನಿಸ್‌ಗೆ ಹೋಗಿ, ಒಬ್ಬ ವ್ಯಾಪಾರಿಯ ಮೂವರು ಮಕ್ಕಳಿಗೆ ಮನೆಪಾಠ ಹೇಳಿಕೊಂಡು, ತಾನೂ ಗಣಿತ ಕಲಿತ. ಮುಂದೆ ಫ್ರಾನ್ಸಿಸ್ಕನ್ ಸನ್ಯಾಸಿಯಾದ. ಊರೂರು ಸುತ್ತಿ ಗಣಿತ ಕಲಿಸಿದ. 1494ರಲ್ಲಿ ವೆನಿಸ್‌ನಲ್ಲಿ ಆರುನೂರು ಪುಟದ ಒಂದು ದಪ್ಪ ಗಣಿತದ ಪುಸ್ತಕ ಅಚ್ಚು ಹಾಕಿಸಿದ. ಪಂಡಿತರ ಲ್ಯಾಟಿನ್ ಬಿಟ್ಟು ಅಂಗಡಿಯವರಿಗೂ ತಿಳಿಯುವ ಜನರ ಮಾತಿನಲ್ಲಿ ಬರೆದ. ಅದರ ಒಂದು ಸಣ್ಣ ಭಾಗ, ಇಪ್ಪತ್ತೇಳು ಪುಟ, ವ್ಯಾಪಾರದ ಲೆಕ್ಕ ಬರೆಯುವುದು ಹೇಗೆ ಎಂಬುದಕ್ಕೆ ಮೀಸಲು. ನಾನು, ನನ್ನಂಥ ಲಕ್ಷಾಂತರ ಗುಮಾಸ್ತರು ಅನ್ನ ತಿಂದದ್ದು ಆ ವಿದ್ಯೆಯಿಂದ.

ಅದರ ಹೆಸರು ಜೋಡಿ ನಮೂದು ಪದ್ಧತಿ. ಮಕ್ಕಳೇ, ಇದು ಸುಲಭ. ಅಜ್ಜಿ ನಿಮಗೆ 100 ರೂಪಾಯಿ ಕೊಟ್ಟರು ಎನ್ನಿ. ಸಾಮಾನ್ಯವಾಗಿ ನೀವು ‘100 ಬಂತು’ ಎಂದು ಒಂದು ಕಡೆ ಬರೆಯುತ್ತೀರಿ. ಜೋಡಿ ನಮೂದಿನಲ್ಲಿ ಎರಡು ಕಡೆ ಬರೆಯಬೇಕು. ನಗದು ಖಾತೆಗೆ ಎಡಗಡೆ 100, ಅಂದರೆ ಡೆಬಿಟ್. ಅಜ್ಜಿಯ ಖಾತೆಗೆ ಬಲಗಡೆ 100, ಅಂದರೆ ಕ್ರೆಡಿಟ್. ಆಮೇಲೆ 40 ರೂಪಾಯಿಗೆ ನೋಟ್‌ಬುಕ್ ತಂದಿರಿ. ನೋಟ್‌ಬುಕ್ ಖಾತೆಗೆ ಎಡಗಡೆ 40, ನಗದು ಖಾತೆಗೆ ಬಲಗಡೆ 40. ಈಗ ಕೂಡಿಸಿ. ಎಡಗಡೆ ಉಳಿದದ್ದು ನಗದು 60, ನೋಟ್‌ಬುಕ್ 40, ಒಟ್ಟು 100. ಬಲಗಡೆ ಅಜ್ಜಿಯ 100. ಎರಡೂ ಸಮ. ಎಲ್ಲೋ ಒಂದು ಕಡೆ ಬರೆಯಲು ಮರೆತರೆ ಎರಡು ಬದಿ ಸಮ ಬರುವುದಿಲ್ಲ, ಪುಸ್ತಕವೇ ಕೂಗಿ ಹೇಳುತ್ತದೆ. ಹಣ ಎಷ್ಟಿದೆ ಎಂಬುದರ ಜೊತೆಗೆ ಅದು ಯಾರಿಂದ ಬಂತು, ಎಲ್ಲಿಗೆ ಹೋಯಿತು ಎಂಬುದೂ ಗೊತ್ತಾಗುತ್ತದೆ. ಅಜ್ಜಿಯ ಋಣ ಪುಸ್ತಕದಲ್ಲೇ ಉಳಿದಿರುತ್ತದೆ ನೋಡಿ!

ಈ ಪದ್ಧತಿಯನ್ನು ಪಚೋಲಿ ಕಂಡುಹಿಡಿಯಲಿಲ್ಲ. ಇಟಲಿಯ ವ್ಯಾಪಾರಿಗಳು ಅವನಿಗಿಂತ ಒಂದೂವರೆ, ಎರಡು ನೂರು ವರ್ಷ ಮೊದಲೇ ಹೀಗೆ ಬರೆಯುತ್ತಿದ್ದರು. ಇದು ವೆನಿಸ್‌ನವರ ರೂಢಿ ಎಂದು ಆತನೇ ಪುಸ್ತಕದಲ್ಲಿ ಹೇಳಿದ್ದಾನೆ. ಅಂಗಡಿಯೊಳಗಿನ ಗುಟ್ಟನ್ನು ಅಚ್ಚು ಹಾಕಿಸಿ ಎಲ್ಲರ ಕೈಗೂ ಕೊಟ್ಟದ್ದು ಅವನ ಉಪಕಾರ. ಮೂರು ಪುಸ್ತಕ ಇಡಿ ಎಂದ: ನಡೆದದ್ದನ್ನು ನಡೆದ ಕೂಡಲೇ ಗೀಚಲು ಒಂದು, ದಿನದ ಕಿರ್ದಿಗೆ ಒಂದು, ಖಾತೆಗಳಿಗೆ ಒಂದು. ನಾನು ಕೆಲಸಕ್ಕೆ ಸೇರಿದಾಗ ವೋಚರು, ಡೇ ಬುಕ್ಕು, ಲೆಡ್ಜರು ಎಂಬ ಹೆಸರಿನಲ್ಲಿ ಹೆಚ್ಚುಕಡಿಮೆ ಅದೇ ಕ್ರಮ ಇತ್ತು. ದೇವರ ಹೆಸರಿನಿಂದ ಪುಸ್ತಕ ಶುರು ಮಾಡಿ ಎಂದೂ ಬರೆದ. ನಮ್ಮ ಸೆಟ್ಟರ ಅಂಗಡಿಯ ಹೊಸ ಪುಸ್ತಕದ ತಲೆಯ ಮೇಲೆ ‘ಶ್ರೀ’ ಇರುತ್ತಿತ್ತಲ್ಲ, ಹಾಗೆಯೇ. ವ್ಯಾಪಾರಿ ಹುಂಜದಂತೆ ರಾತ್ರಿಯೂ ಎಚ್ಚರವಾಗಿರಬೇಕು ಎಂಬುದು ಅವನ ಹೋಲಿಕೆ. ಡಿಸೆಂಬರ್ 31ರ ರಾತ್ರಿ ವರ್ಷದ ಲೆಕ್ಕ ಮುಗಿಸಲು ಕುಳಿತ ನಮ್ಮನ್ನು ಕಂಡಿದ್ದರೆ ಸನ್ಯಾಸಿಗೆ ಸಂತೋಷವಾಗುತ್ತಿತ್ತು. ಒಂಬತ್ತು ಪೈಸೆ ಹೊಂದದಿದ್ದರೂ ಮನೆಗೆ ಹೋಗುವಂತಿರಲಿಲ್ಲ. ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಎಲ್ಲೋ ಎರಡು ಅಂಕೆ ಅದಲುಬದಲಾಗಿದೆ ಎಂದು ಮೊದಲು ಶಂಕೆ ಪಡಬೇಕು. 54 ಬರೆಯುವಲ್ಲಿ 45 ಬರೆದರೆ ವ್ಯತ್ಯಾಸ 9. 82 ಇರುವಲ್ಲಿ 28 ಬರೆದರೆ 54, ಅದೂ ಒಂಬತ್ತರ ಮಗ್ಗಿಯಲ್ಲಿದೆ. ಬೇರೆ ಅಂಕೆಗಳಿಂದ ನೀವೇ ಪರೀಕ್ಷಿಸಿ.

ಅಜ್ಜಂದಿರಿಗೂ ಆ ಪುಸ್ತಕದಲ್ಲಿ ಒಂದು ಉಡುಗೊರೆ ಇದೆ. ಇಟ್ಟ ಹಣ ಎಷ್ಟು ವರ್ಷಕ್ಕೆ ಎರಡರಷ್ಟಾಗುತ್ತದೆ ಎಂದು ತಿಳಿಯಲು 72ನ್ನು ಬಡ್ಡಿದರದಿಂದ ಭಾಗಿಸಿ. ಶೇಕಡಾ 6 ಚಕ್ರಬಡ್ಡಿಯಾದರೆ 12 ವರ್ಷ. ಶೇಕಡಾ 8 ಆದರೆ 9 ವರ್ಷ. ಐನೂರು ವರ್ಷದ ಹಿಂದಿನ ಸೂತ್ರ, ಇಂದಿನ ಎಫ್.ಡಿ.ಗೂ ನಡೆಯುತ್ತದೆ. ಯಾರಾದರೂ ನಿಮ್ಮ ಹಣವನ್ನು ಎರಡು ವರ್ಷದಲ್ಲಿ ಇಮ್ಮಡಿ ಮಾಡಿಕೊಡುತ್ತೇವೆಂದು ಬಾಗಿಲಿಗೆ ಬಂದರೆ 72ನ್ನು ಎರಡರಿಂದ ಭಾಗಿಸಿ. ಶೇಕಡಾ 36ರ ಬಡ್ಡಿ ಯಾವ ನ್ಯಾಯವಾದ ವ್ಯಾಪಾರದಿಂದ ಬರುತ್ತದೆ ಎಂದು ಕೇಳಿ, ಬಾಗಿಲು ಹಾಕಿಕೊಳ್ಳಿ.

ಈ ಲೆಕ್ಕಗಳಿಗೆಲ್ಲ ಬೇಕಾದ ಒಂದರಿಂದ ಒಂಬತ್ತು, ಜೊತೆಗೆ ಸೊನ್ನೆ, ನಮ್ಮ ದೇಶದಿಂದ ಅರಬರ ಮೂಲಕ ಹೋದವು. 1202ರಲ್ಲಿ ಪೀಸಾದ ಫಿಬೊನಾಚಿ ತನ್ನ ಪುಸ್ತಕದಲ್ಲಿ ಇವು ಭಾರತೀಯರ ಅಂಕೆಗಳೆಂದೇ ಹೇಳಿದ್ದ. ಆದರೂ 1299ರಲ್ಲಿ ಫ್ಲಾರೆನ್ಸಿನ ಲೇವಾದೇವಿಗಾರರ ಸಂಘ ಲೆಕ್ಕದ ಪುಸ್ತಕದಲ್ಲಿ ಈ ಅಂಕೆಗಳನ್ನು ಬಳಸಕೂಡದೆಂದು ನಿಯಮ ಮಾಡಿತ್ತು. ರೋಮನ್ ಅಂಕಿಯಲ್ಲಿ ಕೂಡಿಸಿ ಕಳೆದು ನೋಡಿದವರಿಗೆ ಆ ಹಟ ಎಷ್ಟು ದಿನ ನಿಂತೀತು ಎಂಬುದು ಗೊತ್ತಾಗುತ್ತದೆ.

ಪಚೋಲಿ ಮಿಲಾನಿನ ಆಸ್ಥಾನಕ್ಕೆ ಹೋದಾಗ ಅಲ್ಲಿ ಅವನ ಶಿಷ್ಯನಾದವನು ಯಾರು ಗೊತ್ತೇ? ಲಿಯೊನಾರ್ಡೊ ದ ವಿಂಚಿ! ಮೊನಾಲಿಸಾ ಬರೆದ ಮಹಾಶಯ. ವರ್ಗಮೂಲಗಳ ಗುಣಾಕಾರವನ್ನು ಲೂಕಾ ಮೇಷ್ಟ್ರಿಂದ ಕಲಿಯಬೇಕು ಎಂದು ಲಿಯೊನಾರ್ಡೊ ತನ್ನ ಟಿಪ್ಪಣಿಯಲ್ಲಿ ಬರೆದುಕೊಂಡಿದ್ದಾನೆ. ಪ್ರತಿಯಾಗಿ ಪಚೋಲಿಯ ಮುಂದಿನ ಪುಸ್ತಕಕ್ಕೆ ಘನಾಕೃತಿಗಳ ಚಿತ್ರಗಳನ್ನು ಬರೆದುಕೊಟ್ಟ. ಒಳಗೆ ಟೊಳ್ಳಾಗಿ, ಅಂಚುಗಳು ಮಾತ್ರ ಕಾಣುವಂಥ ಸುಂದರ ಚಿತ್ರಗಳು. ಚದುರಂಗದ ಆಟದ ಮೇಲೂ ಪಚೋಲಿ ಒಂದು ಪುಸ್ತಕ ಬರೆದಿದ್ದ. ಅದರ ಹಸ್ತಪ್ರತಿ ಕಳೆದೇಹೋಯಿತು ಎಂದುಕೊಂಡಿದ್ದರು. 2006ರಲ್ಲಿ ಇಟಲಿಯ ಗೊರಿತ್ಸಿಯಾ ಎಂಬ ಊರಿನ ಒಂದು ಹಳೆಯ ಗ್ರಂಥಾಲಯದಲ್ಲಿ ಸಿಕ್ಕಿತು. 500 ವರ್ಷ ಕಪಾಟಿನಲ್ಲಿ ಕುಳಿತಿದ್ದ ಒಗಟುಗಳು!

ಇದೇ ಊರಲ್ಲಿ ಪಚೋಲಿಗಿಂತ ಒಂದು ತಲೆಮಾರು ಹಿರಿಯನಾದ ಒಬ್ಬ ಚಿತ್ರಕಾರ ಇದ್ದ. ಹೆಸರು ಪಿಯೆರೊ ದೆಲ್ಲ ಫ್ರಾನ್ಚೆಸ್ಕ. ಅಪ್ಪ ಚರ್ಮದ ವ್ಯಾಪಾರಿ. 1445ರಲ್ಲಿ ಊರಿನ ಒಂದು ಧರ್ಮಸಂಘ ಇವನಿಗೆ ದೊಡ್ಡ ಚಿತ್ರದ ಕೆಲಸ ಒಪ್ಪಿಸಿತು. ಆ ಕರಾರುಪತ್ರ ಇಂದಿಗೂ ಇದೆ. 150 ಫ್ಲೋರಿನ್ ಸಂಭಾವನೆ. ಒಳ್ಳೆಯ ಚಿನ್ನ, ಒಳ್ಳೆಯ ಬಣ್ಣ, ಅದರಲ್ಲೂ ಒಳ್ಳೆಯ ನೀಲಿಯನ್ನೇ ಬಳಸಬೇಕು. ಆ ನೀಲಿಯ ಕಲ್ಲು ಅಫ್ಘಾನಿಸ್ತಾನದ ಬೆಟ್ಟಗಳಿಂದ ಬರಬೇಕಿತ್ತು. ಬೇರೆ ಯಾವ ಚಿತ್ರಕಾರನೂ ಕುಂಚ ಮುಟ್ಟಕೂಡದು. ಮೂರು ವರ್ಷದಲ್ಲಿ ಮುಗಿಸಬೇಕು. ಪಿಯೆರೊ ತೆಗೆದುಕೊಂಡದ್ದು ಹದಿನೈದಕ್ಕೂ ಹೆಚ್ಚು ವರ್ಷ! ಬ್ಯಾಂಕಾಗಿದ್ದರೆ ಅಷ್ಟರಲ್ಲಿ ಎಷ್ಟು ನೋಟಿಸು ಹೋಗಿರುತ್ತಿತ್ತೋ. ಚಿತ್ರದಲ್ಲಿ ಮೇರಿ ಮಾತೆ ತನ್ನ ಮೇಲುಹೊದಿಕೆಯನ್ನು ಎರಡೂ ಕೈಯಿಂದ ಅಗಲಿಸಿ ನಿಂತಿದ್ದಾಳೆ. ಅದರ ಕೆಳಗೆ ಊರಿನ ಜನ ಮೊಣಕಾಲೂರಿದ್ದಾರೆ. ಮಳೆ ಬಂದಾಗ ಅಜ್ಜಿಯ ಸೆರಗಿನೊಳಗೆ ಸೇರಿಕೊಂಡ ಮೊಮ್ಮಕ್ಕಳ ಹಾಗೆ.

ಪಿಯೆರೊ ಗಣಿತಜ್ಞನೂ ಹೌದು. ಅವನ ಒಂದು ರೇಖಾಗಣಿತದ ಗ್ರಂಥವನ್ನು ಇಟಾಲಿಯನ್ನಿಗೆ ತಿರುಗಿಸಿ, ಅವನ ಹೆಸರು ಹೇಳದೆ ಪಚೋಲಿ 1509ರಲ್ಲಿ ತನ್ನ ಪುಸ್ತಕದೊಳಗೆ ಸೇರಿಸಿಬಿಟ್ಟ. ಪಿಯೆರೊ ಆಗ ತೀರಿಕೊಂಡು ಹದಿನೇಳು ವರ್ಷವಾಗಿತ್ತು. ಚಿತ್ರಕಾರರ ಚರಿತ್ರೆ ಬರೆದ ವಸಾರಿ ಇದನ್ನು ಕಳ್ಳತನ ಎಂದೇ ಕರೆದ. ಬೇರೆ ಕಡೆ ಪಚೋಲಿ ತನ್ನೂರಿನ ಪಿಯೆರೊನನ್ನು ಬಹಳ ಹೊಗಳಿದ್ದಾನೆ, ಆ ಕಾಲದಲ್ಲಿ ಹೀಗೆ ಸೇರಿಸುವುದು ರೂಢಿ ಎಂದು ಸಮಾಧಾನ ಹೇಳುವವರೂ ಇದ್ದಾರೆ. ನನ್ನ ಅಭಿಪ್ರಾಯ ಕೇಳಿದರೆ, ಬಂದದ್ದು ಯಾರಿಂದ ಎಂದು ಬಲಗಡೆ ಬರೆಯಿರಿ ಎಂದು ಲೋಕಕ್ಕೆಲ್ಲ ಕಲಿಸಿದ ಮೇಷ್ಟ್ರು ಅಲ್ಲಿ ಒಂದು ಕ್ರೆಡಿಟ್ ನಮೂದು ಬರೆಯದೆ ಬಿಟ್ಟರು. ಪಿಯೆರೊ ಕೊನೆಗಾಲದಲ್ಲಿ ಕುರುಡನಾಗಿದ್ದನಂತೆ. ಅವನನ್ನು ಊರಿನ ಬೀದಿಗಳಲ್ಲಿ ಕೈಹಿಡಿದು ನಡೆಸುತ್ತಿದ್ದ ಹುಡುಗನೊಬ್ಬ ಮುಂದೆ ಲಾಟೀನು ಮಾಡುವವನಾದ ಎಂದು ಒಂದು ಹಳೆಯ ಬರಹ ಹೇಳುತ್ತದೆ. ಪಿಯೆರೊ ತೀರಿಕೊಂಡದ್ದು 1492ರ ಅಕ್ಟೋಬರ್ 12, ಕೊಲಂಬಸ್‌ನ ಹಡಗಿನವರಿಗೆ ಅಮೆರಿಕದ ನೆಲ ಕಂಡ ಅದೇ ದಿನ.

ಅವನ ಬಹಳ ಪ್ರಸಿದ್ಧ ಚಿತ್ರವೊಂದು ಊರಿನ ಹಳೆಯ ಪುರಭವನದ ಗೋಡೆಯ ಮೇಲಿದೆ. ಈಗ ಆ ಕಟ್ಟಡವೇ ವಸ್ತುಸಂಗ್ರಹಾಲಯ. ಊರಿನ ಹೆಸರೇ ಸಮಾಧಿ ಎಂದಲ್ಲವೇ, ಚಿತ್ರವೂ ಯೇಸು ಸಮಾಧಿಯಿಂದ ಏಳುವುದು. ಒಂದು ಕಾಲನ್ನು ಸಮಾಧಿಯ ಅಂಚಿನ ಮೇಲಿಟ್ಟು, ಕೈಯಲ್ಲಿ ಪತಾಕೆ ಹಿಡಿದು ನೇರವಾಗಿ ನಮ್ಮನ್ನೇ ನೋಡುತ್ತಾನೆ. ಎಡಗಡೆಯ ಮರಗಳು ಬೋಳು, ಬಲಗಡೆಯವು ಚಿಗುರಿವೆ. ಕೆಳಗೆ ಕಾವಲಿನ ನಾಲ್ವರು ಸೈನಿಕರು ಒಳ್ಳೆಯ ನಿದ್ದೆಯಲ್ಲಿದ್ದಾರೆ. ಅವರಲ್ಲಿ ತಲೆ ಹಿಂದಕ್ಕೆ ಒರಗಿಸಿಕೊಂಡವನು ಪಿಯೆರೊನೇ, ತನ್ನದೇ ಮುಖ ಬರೆದುಕೊಂಡಿದ್ದಾನೆ ಎನ್ನುತ್ತಾರೆ. ನಾವು ಹೋದ ದಿನ ಆ ಕೋಣೆಯಲ್ಲಿ ನಾಲ್ಕೈದು ಜನ ಇದ್ದಿರಬಹುದು. ನನ್ನಾಕೆ ಬಹಳ ಹೊತ್ತು ನಿಂತಳು. ಆಮೇಲೆ, ‘ಇಷ್ಟು ಎಚ್ಚರದ ಕಣ್ಣು ನಾನು ನೋಡಿಲ್ಲ’ ಎಂದಳು. ಬಸ್ಸಿನ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ.

ಈ ಚಿತ್ರ ಉಳಿದ ಬಗೆ ಹೇಳಬೇಕು. 1925ರಲ್ಲಿ ಆಲ್ಡಸ್ ಹಕ್ಸ್‌ಲಿ ಎಂಬ ಇಂಗ್ಲಿಷ್ ಲೇಖಕ, ಕಷ್ಟದ ದಾರಿಯಲ್ಲಿ ಇಲ್ಲಿಗೆ ಬಂದು ಹೋಗಿ, ಜಗತ್ತಿನ ಅತ್ಯುತ್ತಮ ಚಿತ್ರ ಇದೇ ಎಂದು ಒಂದು ಪ್ರಬಂಧ ಬರೆದ. ಅದನ್ನು ಓದಿದ ಸಾವಿರಾರು ಹುಡುಗರಲ್ಲಿ ಟೋನಿ ಕ್ಲಾರ್ಕ್ ಒಬ್ಬ. ಮುಂದೆ ಎರಡನೇ ಮಹಾಯುದ್ಧ ಬಂತು. 1944ರಲ್ಲಿ ಜರ್ಮನ್ ಸೈನ್ಯ ಇಟಲಿಯಲ್ಲಿ ಹಿಂದೆ ಸರಿಯುತ್ತಿತ್ತು. ಕ್ಲಾರ್ಕ್ ಈಗ ಬ್ರಿಟಿಷ್ ಫಿರಂಗಿ ದಳದ ಯುವ ಅಧಿಕಾರಿ. ಎದುರಿನ ಊರಿನ ಮೇಲೆ ಗುಂಡು ಹಾರಿಸು ಎಂದು ಆಜ್ಞೆ ಬಂತು. ಫಿರಂಗಿಗಳು ಶುರುವಾದವು. ಸಾನ್‌ಸೆಪೋಲ್ಕ್ರೊ, ಈ ಹೆಸರನ್ನು ಎಲ್ಲೋ ಓದಿದ್ದೇನಲ್ಲ ಎಂದು ಅವನ ತಲೆ ಕೊರೆಯತೊಡಗಿತು. ಹಕ್ಸ್‌ಲಿಯ ಪ್ರಬಂಧ ನೆನಪಾಯಿತು. ದುರ್ಬೀನು ಹಾಕಿ ನೋಡಿದ, ಊರಲ್ಲಿ ಜರ್ಮನರ ಸುಳಿವಿಲ್ಲ. ಗುಂಡು ನಿಲ್ಲಿಸಿದ. ಮೇಲಿನವರು ರೇಡಿಯೊದಲ್ಲಿ ಯಾಕೆ ನಿಲ್ಲಿಸಿದೆ ಎಂದು ಕೇಳಿದರು, ಗುರಿ ಕಾಣುತ್ತಿಲ್ಲ ಎಂದು ಹೇಳಿ ಕಾಲ ತಳ್ಳಿದ. ಯುದ್ಧದಲ್ಲಿ ಅಂಥ ಉತ್ತರಕ್ಕೆ ದೊಡ್ಡ ಶಿಕ್ಷೆ ಆಗಬಹುದಿತ್ತು. ಮರುದಿನ ಊರೊಳಗೆ ಹೋದಾಗ ಶತ್ರುಗಳು ನಿಜವಾಗಿ ಬಿಟ್ಟು ಹೋಗಿದ್ದರು. ಚಿತ್ರಕ್ಕೆ ಒಂದು ಗೀರೂ ಬಿದ್ದಿರಲಿಲ್ಲ.

ಯುದ್ಧ ಮುಗಿದ ಮೇಲೆ ಕ್ಲಾರ್ಕ್ ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ಪುಸ್ತಕದ ಅಂಗಡಿ ಇಟ್ಟುಕೊಂಡ. ಸಾನ್‌ಸೆಪೋಲ್ಕ್ರೊದಲ್ಲಿ ಒಂದು ಬೀದಿಗೆ ಅವನ ಹೆಸರಿದೆ. ಜರ್ಮನರು ಹೋಗುವ ಮುನ್ನ, ಜುಲೈ ಕೊನೆಯ ರಾತ್ರಿ, ಊರಿನ ನಡುವಿನ ಬೆರ್ತಾ ಗೋಪುರಕ್ಕೆ ಸಿಡಿಮದ್ದಿಟ್ಟು ಕೆಡವಿದ್ದರು. ಆ ಚೌಕ ಈಗಲೂ ಗೋಪುರದ ಹೆಸರಿನಲ್ಲೇ ಇದೆ, ಗೋಪುರ ಮಾತ್ರ ಇಲ್ಲ. ಮುದುಕರು ಅಲ್ಲಿ ಬೆಂಚಿನ ಮೇಲೆ ಕುಳಿತು ಮಾತಾಡುತ್ತಿದ್ದರು. ಅವರಲ್ಲಿ ಕೆಲವರಾದರೂ ಆ ಸದ್ದು ಕೇಳಿದ ಮಕ್ಕಳಾಗಿದ್ದಿರಬೇಕು.

ಇದೇ ಕಣಿವೆಯಲ್ಲಿ ಅದೇ ಬೇಸಿಗೆ ನಮ್ಮವರೂ ಹೋರಾಡಿದರು. ಭಾರತೀಯ ಹತ್ತನೇ ಡಿವಿಷನ್ ಟೈಬರ್ ನದಿಯ ಗುಂಟ ಮೇಲಕ್ಕೆ ಬರುತ್ತಿತ್ತು. 1944ರ ಜುಲೈ 10ರಂದು ಮರಾಠಾ ಲಘು ಪದಾತಿ ದಳದ ನಾಯಕ್ ಯಶವಂತ ಘಾಡ್ಗೆ ಅವರ ತುಕಡಿಯ ಮೇಲೆ ಮಷೀನ್‌ಗನ್ನಿನ ಮಳೆ ಸುರಿಯಿತು. ಜೊತೆಗಿದ್ದವರೆಲ್ಲ ಸತ್ತರು ಇಲ್ಲವೇ ಗಾಯಗೊಂಡು ಬಿದ್ದರು. ಘಾಡ್ಗೆ ಒಬ್ಬರೇ ನುಗ್ಗಿ ಆ ಗನ್ನನ್ನು ಅಡಗಿಸಿದರು. ಬಂದೂಕಿಗೆ ಮದ್ದು ತುಂಬಲು ಸಮಯವಿಲ್ಲದೆ ಅದರ ಹಿಡಿಯಿಂದಲೇ ಹೊಡೆದರು. ಅಷ್ಟರಲ್ಲಿ ಮರೆಯಿಂದ ಬಂದ ಗುಂಡಿಗೆ ಬಿದ್ದರು. ಇಪ್ಪತ್ತೆರಡು ವರ್ಷದ ಹುಡುಗ. ಅವರಿಗೆ ಮರಣಾನಂತರ ವಿಕ್ಟೋರಿಯಾ ಕ್ರಾಸ್ ಬಂತು. ಆ ದಳದ ಕೇಂದ್ರ ನಮ್ಮ ಬೆಳಗಾವಿಯಲ್ಲೇ ಇದೆ. ಸಾನ್‌ಸೆಪೋಲ್ಕ್ರೊದಿಂದ ಒಂದು ಗಂಟೆಗೂ ಕಡಿಮೆ ದಾರಿಯ ಮೊಂತೋನೆ ಎಂಬ ಬೆಟ್ಟದೂರಿನಲ್ಲಿ 2023ರಲ್ಲಿ ಅವರ ನೆನಪಿಗೆ ಒಂದು ನೆರಳುಗಡಿಯಾರ ನಿಲ್ಲಿಸಿದ್ದಾರೆ. ಬೆಳಗಾವಿಯ ಮಕ್ಕಳು ಇದನ್ನು ಶಾಲೆಯಲ್ಲಿ ಹೇಳಿ.

ಊಟದ ವಿಷಯ ಬಿಟ್ಟರೆ ನನ್ನ ಮೊಮ್ಮಗ ಸುಮ್ಮನಿರುವುದಿಲ್ಲ. 1827ರಲ್ಲಿ ಈ ಊರಿನ ಜೂಲಿಯಾ ಬುಯ್ತೋನಿ ಎಂಬ ಗೃಹಿಣಿ ತನ್ನ ಒಡವೆ ಅಡವಿಟ್ಟು ಪಾಸ್ತಾ ಮಾಡುವ ಅಂಗಡಿ ತೆರೆದಳಂತೆ. (ಇಲ್ಲೂ ಅಡಮಾನ!) ಅದು ಬೆಳೆದು ಇಟಲಿಯ ಬಹಳ ದೊಡ್ಡ ಪಾಸ್ತಾ ಕಂಪನಿಗಳಲ್ಲಿ ಒಂದಾಯಿತು. 1988ರಲ್ಲಿ ನಮ್ಮ ಮಕ್ಕಳ ಮ್ಯಾಗಿಯ ಒಡೆಯರಾದ ನೆಸ್ಲೆಯವರೇ ಅದನ್ನು ಕೊಂಡರು. ಆ ಪಾಸ್ತಾ ಕಂಪನಿಯಲ್ಲಿ ದುಡಿದು ನಿವೃತ್ತರಾದ ಒಬ್ಬ ಹಿರಿಯರು, ಪಿಯೆರೊನ ಚಿತ್ರದ ದುರಸ್ತಿಗೆ ಒಂದು ಲಕ್ಷ ಯೂರೊ ಸ್ವಂತ ಹಣ ಕೊಟ್ಟರು. ಕೆಲಸ 2018ರಲ್ಲಿ ಮುಗಿದು ಬಣ್ಣಗಳು ಮತ್ತೆ ತೆರೆದುಕೊಂಡವು.

ನೀವು ಎಂದಾದರೂ ಹೋಗುವುದಾದರೆ ಸೆಪ್ಟೆಂಬರಿನ ಎರಡನೇ ಭಾನುವಾರ ನೋಡಿ ಹೋಗಿ. ಅಂದು ಬೆರ್ತಾ ಚೌಕದಲ್ಲಿ ನೆರೆಯೂರು ಗುಬ್ಬಿಯೊದವರ ಜೊತೆ ಅಡ್ಡಬಿಲ್ಲಿನ ಪಂದ್ಯ. 36 ಮೀಟರ್ ದೂರದ ಗುರಿ. ಪಿಯೆರೊನ ಚಿತ್ರಗಳಲ್ಲಿರುವಂಥದೇ ಉಡುಪು ತೊಟ್ಟು ಬರುತ್ತಾರೆ. ಬಾವುಟಗಳನ್ನು ಆಕಾಶಕ್ಕೆಸೆದು ಹಿಡಿಯುವ ಹುಡುಗರೂ ಇರುತ್ತಾರೆ. ಮೇ ತಿಂಗಳ ಕೊನೆಯ ಭಾನುವಾರ ಇವರು ಅಲ್ಲಿಗೆ ಹೋಗಿ ಆಡುತ್ತಾರೆ. ಪಚೋಲಿಯ ಪ್ರತಿಮೆ ಸಾನ್ ಫ್ರಾನ್ಚೆಸ್ಕೊ ಚರ್ಚಿನ ಹತ್ತಿರ ಇದೆ. ನಾನು ಅದರ ಮುಂದೆ ನಿಂತು ಕೈಮುಗಿದೆ. ಅಳಿಯ ಫೋಟೊ ತೆಗೆದ.

ಈ ವಾರದ ಒಗಟು ಪಚೋಲಿಯ ಪುಸ್ತಕದ್ದೇ. ಇಬ್ಬರು ಚೆಂಡಾಟ ಆಡುತ್ತಾರೆ. ಒಂದು ಸುತ್ತಿಗೆ 10 ಅಂಕ, ಮೊದಲು 60 ಮುಟ್ಟಿದವರಿಗೆ ಪೂರ್ತಿ ಬಹುಮಾನ. ಒಬ್ಬನಿಗೆ 50, ಇನ್ನೊಬ್ಬನಿಗೆ 20 ಆದಾಗ ಆಟ ನಿಂತುಹೋಯಿತು. ನಮ್ಮ ಕ್ರಿಕೆಟಿಗೆ ಮಳೆ ಬಂದ ಹಾಗೆ. ಬಹುಮಾನ ಹೇಗೆ ಹಂಚಬೇಕು? ಗಳಿಸಿದ ಅಂಕದಂತೆ 5ಕ್ಕೆ 2 ಎಂದ ಪಚೋಲಿ. ಇದು ಸರಿಯಿಲ್ಲ ಎಂದು 1654ರಲ್ಲಿ ಪಾಸ್ಕಲ್, ಫರ್ಮಾ ಎಂಬ ಇಬ್ಬರು ಫ್ರೆಂಚರು ಪತ್ರ ಬರೆದುಕೊಂಡು ತೋರಿಸಿದರು. ಆದದ್ದನ್ನು ನೋಡಬೇಡಿ, ಆಗಬೇಕಾದದ್ದನ್ನು ನೋಡಿ ಎಂಬುದು ಅವರ ಉಪಾಯ. ಇಬ್ಬರೂ ಸಮಬಲರೆಂದು ಇಟ್ಟುಕೊಳ್ಳಿ. ಹಿಂದಿರುವವನು ಗೆಲ್ಲಬೇಕಾದರೆ ಮುಂದಿನ ನಾಲ್ಕು ಸುತ್ತನ್ನೂ ಅವನೇ ಗೆಲ್ಲಬೇಕು. ಪೆನ್ಸಿಲ್ ಕೆಳಗಿಡಿ, ಒಂದು ನಾಣ್ಯ ತೆಗೆದುಕೊಂಡು ಅಜ್ಜನ ಜೊತೆ ಕುಳಿತುಕೊಳ್ಳಿ. ನಾಲ್ಕು ಸಲ ಚಿಮ್ಮಿದರೆ ಬರಬಹುದಾದ ಸಾಲುಗಳು ಹದಿನಾರು. ನಾಲ್ಕೂ ಸಲ ರಾಜನ ತಲೆ ಬೀಳುವುದು ಅದರಲ್ಲಿ ಒಂದೇ. ಹಾಗಾಗಿ ಬಹುಮಾನದ ಹದಿನಾರು ಪಾಲಿನಲ್ಲಿ 15 ಮುಂದಿರುವವನಿಗೆ, 1 ಹಿಂದಿರುವವನಿಗೆ. ಮೊದಲನೆಯವನಿಗೆ 40, ಎರಡನೆಯವನಿಗೆ 30 ಇದ್ದಾಗ ಮಳೆ ಬಂದಿದ್ದರೆ? ಅದನ್ನು ನೀವು ಬಿಡಿಸಿ, ಉತ್ತರ ಮುಂದಿನ ವಾರ.